ಒತ್ತಕ್ಷರ ಬಿಟ್ಟು ಹಗುರಾದ ಡೆಸ್ಕ್‌ಟಾಪ್

ಲಿನಕ್ಸ್ ಬಳಸೋರ ನಡುವೆ ಒಂದು ಪೈಪೋಟಿ ನಡೀತಾನೇ ಇರುತ್ತೆ. ಕಂಪ್ಯೂಟರ್ ಆನ್ ಮಾಡಿ, ಏನನ್ನೂ ತೆರೆಯದೆ, ಎಷ್ಟು ಮೆಮೊರಿ ಖರ್ಚಾಗಿದೆ ಅಂತ ನೋಡೋದು. ಆ ಸಂಖ್ಯೆ ಇಳಿದಷ್ಟೂ ಮರ್ಯಾದೆ ಜಾಸ್ತಿ. ಈ ಪೈಪೋಟಿಯಲ್ಲಿ ಪದೇ ಪದೇ ಕೇಳಿಬರುವ ಹೆಸರು ಡಿಡಬ್ಲ್ಯುಎಮ್. ಪರದೆ ಮೇಲೆ ಯಾವ ವಿಂಡೋ ಎಲ್ಲಿರಬೇಕು ಅಂತ ತೀರ್ಮಾನಿಸುವ ಈ ವಿಂಡೋ ಮ್ಯಾನೇಜರ್ 2006ರಲ್ಲಿ ಬಂತು. ಇದರ ಹಿಂದಿರೋದು ಸಕ್‌ಲೆಸ್ ಬಳಗ. ಕೋಡ್ 2000 ಸಾಲು ದಾಟಬಾರದು ಅಂತ ಅವರು ತಮಗೆ ತಾವೇ ಗೆರೆ ಎಳೆದುಕೊಂಡಿದ್ದಾರೆ.

ಮೆಚ್ಚಲೇಬೇಕು. ಮೆಮೊರಿ ಚಿಪ್ಪನ್ನು ಮದರ್‌ಬೋರ್ಡಿಗೇ ಬೆಸೆದಿರುವ 4 ಜಿಬಿ ಲ್ಯಾಪ್‌ಟಾಪ್ ಮನೆಯಲ್ಲಿದ್ದರೆ, ಅದನ್ನ ಗುಜರಿಗೆ ಹಾಕೋದಾ, ಇನ್ನೊಂದಷ್ಟು ವರ್ಷ ಓಡಿಸೋದಾ ಅನ್ನೋದು ಇಂಥ ಪ್ರೋಗ್ರಾಂಗಳ ಮೇಲೇ ನಿಂತಿರುತ್ತೆ. ಡಿಡಬ್ಲ್ಯುಎಮ್ ಉಳಿಸೋದು ಕೋಡಿನಲ್ಲಿ ಮಾತ್ರ ಅಲ್ಲ. ಗ್ನೋಮ್ ಶೆಲ್ ಥರದ ಆಧುನಿಕ ಡೆಸ್ಕ್‌ಟಾಪ್ ಪ್ರತಿ ವಿಂಡೋದ ಚಿತ್ರವನ್ನೂ ಬೇರೆಯಾಗಿ ಮೆಮೊರಿಯಲ್ಲಿ ಇಟ್ಟುಕೊಂಡು, ಆಮೇಲೆ ಒಂದರ ಮೇಲೊಂದು ಜೋಡಿಸುತ್ತೆ. 1920 ಗುಣಿಸು 1080 ಪಿಕ್ಸೆಲ್, ಪಿಕ್ಸೆಲ್ಲಿಗೆ 4 ಬೈಟ್: ಪರದೆ ತುಂಬುವ ಒಂದು ವಿಂಡೋಗೆ 82,94,400 ಬೈಟ್, ಅಂದ್ರೆ ಸುಮಾರು 8 ಎಂಬಿ. 4ಕೆ ಪರದೆಯಾದರೆ ಇದರ ನಾಲ್ಕು ಪಟ್ಟು. ಗ್ರಾಫಿಕ್ಸ್‌ಗೆ ಬೇರೆ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಇದೂ ಆ 4 ಜಿಬಿಯಿಂದಲೇ ಹೋಗಬೇಕು. ಡಿಡಬ್ಲ್ಯುಎಮ್ ಈ ಜೋಡಣೆಯ ಗೋಜಿಗೇ ಹೋಗಲ್ಲ. (ನೆರಳು, ಪಾರದರ್ಶಕತೆ ಬೇಕು ಅಂತ ಪಕ್ಕದಲ್ಲಿ ಪಿಕಾಮ್ ಓಡಿಸಿದ್ರೆ ಉಳಿಸಿದ್ದು ವಾಪಸ್ ಹೋಯ್ತು ಅಂತ್ಲೇ ಲೆಕ್ಕ.)

ಗ್ನೋಮ್ ಬೈಸಿಕೊಂಡಿದ್ದು ಸುಮ್ಮನೆ ಅಲ್ಲ. ಜಾವಾಸ್ಕ್ರಿಪ್ಟಿನಲ್ಲಿ ಬರೆದ ಅದರ ಶೆಲ್‌ನಲ್ಲಿ, ಬೇಡದ ವಸ್ತುವೊಂದನ್ನ ಗುಡಿಸಿದಾಗ ಅದು ಹಿಡಿದುಕೊಂಡಿದ್ದ ಮರಿ ವಸ್ತುಗಳು ಮುಂದಿನ ಸರದಿವರೆಗೆ ಹಾಗೇ ಉಳೀತಿದ್ವು. ಬೆಳಿಗ್ಗೆ ಸುಮ್ಮನಿದ್ದದ್ದು ಸಂಜೆ ಹೊತ್ತಿಗೆ ಊದಿಕೊಂಡಿರೋದು. 2018ರಲ್ಲಿ ಜಾರ್ಜಸ್ ಸ್ಟಾವ್ರಾಕಾಸ್ ಮತ್ತಿತರರು ಇದರ ಹಿಂದೆ ಬಿದ್ದು, ಗುಡಿಸುವ ಸರದಿ ಹೆಚ್ಚು ಸಲ ಬರುವಂತೆ ಮಾಡಿದ ಮೇಲೆ ಕಾಟ ತಗ್ಗಿತು.

ನನ್ನ ತಕರಾರು ಬೇರೆ. ಡಿಡಬ್ಲ್ಯುಎಮ್ ಪಟ್ಟಿಯಲ್ಲಿ ಕನ್ನಡ ವೆಬ್‌ಪುಟವೊಂದರ ಶೀರ್ಷಿಕೆ ಬರಲಿ, ನೋಡಿ: ‘ಒತ್ತಕ್ಷರ’ ಅನ್ನೋದು ‘ಒತ್‌ತಕ್‌ಷರ’ ಆಗಿರುತ್ತೆ. ‘ರಾಷ್ಟ್ರ’ ಹೋಗಿ ‘ರಾಷ್‌ಟ್‌ರ’. ಫಾಂಟಿನ ತಪ್ಪಲ್ಲ ಇದು. ಅಕ್ಷರ ಬರೆಯೋಕೆ ಅದು ನೆಚ್ಚಿಕೊಂಡಿರೋದು ಎಕ್ಸ್‌ಎಫ್‌ಟಿ ಎಂಬ ಲೈಬ್ರರಿಯನ್ನ. ಅದು ಒಂದು ಯುನಿಕೋಡ್ ಸಂಕೇತಕ್ಕೆ ಒಂದು ಆಕಾರ ಎತ್ತಿ ಸಾಲಾಗಿ ಇಡುತ್ತೆ, ಅಷ್ಟೆ. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡದಲ್ಲಿ ಒತ್ತು ಕೆಳಗೆ ಹೋಗಿ ಕೂರಬೇಕು, ಅರ್ಕಾವತ್ತು ಹಿಂದಕ್ಕೆ ಬರಬೇಕು. ಆ ಕೆಲಸ ಹಾರ್ಫ್‌ಬಜ್ ಲೈಬ್ರರಿಯದ್ದು. ಗ್ನೋಮ್ ಅದನ್ನ ಪ್ಯಾಂಗೊ ಮೂಲಕ ಮಾಡಿಸುತ್ತೆ. ಹಾಗಾಗಿ ಆ 2000 ಸಾಲಿನ ಗೆರೆಯನ್ನ ಬರೀ ಮಿತವ್ಯಯ ಅಂತ ಹೊಗಳೋಕೆ ನನಗೆ ಆಗಲ್ಲ. ಏನನ್ನ ಬಿಟ್ಟರೂ ನಡೆಯುತ್ತೆ ಅನ್ನೋ ತೀರ್ಮಾನವೂ ಅದರೊಳಗಿದೆ, ಮತ್ತು ನಮ್ಮ ಲಿಪಿ ಬಿಟ್ಟಿದ್ದರ ಪಾಲಿಗೆ ಸೇರಿದೆ.

‘ಪ್ಯಾಂಗೊ ಹಾಕಿದ್ರೆ ಭಾರ ಆಗುತ್ತೆ ಗುರು’ ಅನ್ನೋರು ಇದ್ದಾರೆ. ಲೆಕ್ಕ ಹಾಕೋ ರೀತೀನೇ ಇಲ್ಲಿ ಎಡವಟ್ಟು. ಟಾಪ್ ಕಮಾಂಡ್ ತೋರಿಸುವ ಆರ್‌ಇಎಸ್ ಕಾಲಮ್ಮಿನಲ್ಲಿ, ಹತ್ತು ಪ್ರೋಗ್ರಾಂ ಹಂಚಿಕೊಂಡ ಲೈಬ್ರರಿ ಹತ್ತರ ಲೆಕ್ಕದಲ್ಲೂ ಪೂರ್ತಿಯಾಗಿ ಬರುತ್ತೆ. ಅಪಾರ್ಟ್‌ಮೆಂಟಿನ ಲಿಫ್ಟ್ ಖರ್ಚನ್ನ ಪ್ರತಿ ಮನೆಯವರೂ ಪೂರ್ತಿ ನಮ್ಮದೇ ಅಂತ ಬರೆದುಕೊಂಡ ಹಾಗೆ. ಪಾಲಿಗೆ ಬಂದಷ್ಟನ್ನೇ ಎಣಿಸುವ ಪಿಎಸ್‌ಎಸ್ ಅಂಕಿ ನೋಡಬೇಕು. ಅದನ್ನ ಎಸ್‌ಮೆಮ್ ತೋರಿಸುತ್ತೆ. ಲಿನಕ್ಸಿನಲ್ಲಿ ಫೈರ್‌ಫಾಕ್ಸ್ ಓಪನ್ ಮಾಡಿದ್ರೆ ಜಿಟಿಕೆ ಜೊತೆ ಪ್ಯಾಂಗೊ ಹೇಗೂ ಮೆಮೊರಿಗೆ ಬಂದಿರುತ್ತೆ. ವಿಂಡೋ ಮ್ಯಾನೇಜರ್ ಕೂಡ ಅದನ್ನೇ ಬಳಸಿಕೊಂಡರೆ ಹೆಚ್ಚಿಗೆ ಆಗೋ ಖರ್ಚು ಅಲ್ಪ. ಐ3 ಮಾಡೋದು ಇದನ್ನೇ. ಅದೂ ಚಿತ್ರ ಜೋಡಿಸೋ ಕೆಲಸಕ್ಕೆ ಕೈ ಹಾಕಲ್ಲ, ಅದೂ ಹಗುರ, ಆದರೆ ಶೀರ್ಷಿಕೆಯಲ್ಲಿ ‘ರಾಷ್ಟ್ರ’ ರಾಷ್ಟ್ರವಾಗೇ ಇರುತ್ತೆ.

ಡಿಡಬ್ಲ್ಯುಎಮ್‌ಗೂ ಪ್ಯಾಂಗೊ ಸೇರಿಸುವ ಪ್ಯಾಚ್ ಇದೆ. ಹಾಕಿಕೊಳ್ಳಿ, ಕಂಪೈಲ್ ಮಾಡಿ, ಹೊಸ ಆವೃತ್ತಿ ಬಂದಾಗ ಪ್ಯಾಚ್ ಹೊಂದದಿದ್ದರೆ ಮತ್ತೆ ಕೂತು ತಿದ್ದಿ. ಬಣ್ಣ ಬದಲಿಸೋಕೂ ಕೋಡ್ ತಿದ್ದಬೇಕಾದ ಈ ವ್ಯವಸ್ಥೆಯಿಂದ ಬಳಕೆದಾರರ ಗುಂಪು ಚಿಕ್ಕದಾಗಿ, ಮೇಲ್ಮಟ್ಟದ್ದಾಗಿ ಉಳಿಯುತ್ತೆ, ಹೊಸಬರ ಪೆದ್ದು ಪ್ರಶ್ನೆಗಳು ಬರಲ್ಲ ಅಂತ ಅದರ ವೆಬ್‌ಸೈಟೇ ಹೇಳಿಕೊಳ್ಳುತ್ತೆ. ತಮಾಷೆ ಅಂತಲೇ ಇಟ್ಕೊಳ್ಳೋಣ. ಆದ್ರೆ ಹಳೇ 4 ಜಿಬಿ ಲ್ಯಾಪ್‌ಟಾಪ್ ಜಾಸ್ತಿ ಇರೋದು ಆ ಹೊಸಬರ ಹತ್ತಿರಾನೇ. ಅಣ್ಣ ಬಿಟ್ಟ ಲ್ಯಾಪ್‌ಟಾಪ್ ಹಿಡಿದ ತಂಗಿ, ನಿವೃತ್ತರಾದ ಮೇಲೆ ಕನ್ನಡ ಟೈಪಿಂಗ್ ಕಲಿತ ಅಪ್ಪ. ಅಂಥವರು ಕೇಳಿದ್ರೆ ನಾನು ಐ3 ಹಾಕಿಕೊಡ್ತೀನಿ, ಶಾರ್ಟ್‌ಕಟ್‌ಗಳ ಒಂದು ಚೀಟಿ ಬರೆದು ಕೀಬೋರ್ಡ್ ಪಕ್ಕ ಅಂಟಿಸ್ತೀನಿ.