ಕಾಲ ಮತ್ತು ಕೆಲಸ

ನನ್ನ ತಲೆಮಾರಿನವರಿಗೆ ಅಂಕಗಣಿತದ ‘ಕಾಲ ಮತ್ತು ಕೆಲಸ’ದ ಲೆಕ್ಕಗಳು ಚೆನ್ನಾಗಿ ನೆನಪಿರುತ್ತವೆ. 8 ಗಂಡಸರು ಅಥವಾ 12 ಹೆಂಗಸರು ಒಂದು ಕೆಲಸವನ್ನು 25 ದಿನಗಳಲ್ಲಿ ಮುಗಿಸಿದರೆ, 6 ಗಂಡಸರೂ 11 ಹೆಂಗಸರೂ ಕೂಡಿ ಎಷ್ಟು ದಿನಗಳಲ್ಲಿ ಮುಗಿಸುತ್ತಾರೆ? ಉತ್ತರ 15. ಅಲ್ಲಿಗೆ ಮುಟ್ಟಬೇಕಾದರೆ ನಡುವೆ ಒಂದು ಸಾಲು ಬರೆಯಲೇಬೇಕು: 1 ಗಂಡಸು = 1½ ಹೆಂಗಸು. ಹುಡುಗರೂ ಬರೆಯುತ್ತಾರೆ, ಹುಡುಗಿಯರೂ ಬರೆಯುತ್ತಾರೆ. ಆ ಸಾಲಿಗೂ ಅಂಕ ಉಂಟು.

ಪಠ್ಯಪುಸ್ತಕಗಳಲ್ಲಿ ಹೆಣ್ಣಿನ ಸ್ಥಾನದ ಕುರಿತು ಬರೆಯುವ ನಮ್ಮ ವಿಮರ್ಶಕರು ಸಾಮಾನ್ಯವಾಗಿ ನೋಡುವುದು ಭಾಷಾಪಾಠಗಳನ್ನು ಮತ್ತು ಚಿತ್ರಗಳನ್ನು. ಅಮ್ಮ ಒಲೆಯ ಮುಂದೆ, ಅಪ್ಪ ಪತ್ರಿಕೆಯ ಹಿಂದೆ. 2024ರಲ್ಲಿ ಕೇರಳದವರು ಮೂರನೆಯ ತರಗತಿಯ ಪುಸ್ತಕದಲ್ಲಿ ಅಪ್ಪನ ಕೈಗೆ ತೆಂಗಿನಕಾಯಿ ತುರಿಯುವ ಕೆಲಸ ಕೊಟ್ಟರು, ಒಳ್ಳೆಯದೇ ಆಯಿತು. ಆದರೆ ಗಣಿತವನ್ನು ಯಾರೂ ಸಾಹಿತ್ಯದಂತೆ ಓದುವುದಿಲ್ಲ. ಚಿತ್ರದೊಡನೆ ಮಗು ಜಗಳವಾಡಬಹುದು, ಸಮೀಕರಣದೊಡನೆ ಆಡಲಾದೀತೇ?

ಕರಾವಳಿಯ ಶಾಲೆಯೊಂದರಲ್ಲಿ ನಾನು ಈ ಪಾಠವನ್ನು ಹಲವು ವರ್ಷ ಮಾಡಿದವನು. ಒಮ್ಮೆ ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಯಾವ ಕೆಲಸ ಸಾರ್? ಉಳುವುದೋ, ನೇಜಿ ನೆಡುವುದೋ?” ಎಂದು ಕೇಳಿದಳು. ಹುಡುಗರು ಗೊಳ್ಳೆಂದು ನಕ್ಕರು. ಇಡೀ ಅಧ್ಯಾಯದಲ್ಲಿ ಅದಕ್ಕಿಂತ ಒಳ್ಳೆಯ ಪ್ರಶ್ನೆ ಇನ್ನೊಂದಿಲ್ಲ. ತುಳುನಾಡಿನ ಗದ್ದೆಗಳಲ್ಲಿ ನೇಜಿ ನೆಟ್ಟವರು ಹೆಂಗಸರೇ. ಮಳೆಯಲ್ಲಿ ನಡು ಬಗ್ಗಿಸಿ, ಓಬೇಲೆ ಹಾಡುತ್ತ. ಅಲ್ಲಿ ಗಂಡಸಿನ ಮುಕ್ಕಾಲೋ ಅರೆಯೋ ಎಂದು ಅಳೆದವರು ಯಾರು? ಕೂಲಿ ಮಾತ್ರ ಕಡಿಮೆ ಇತ್ತು. ಈ ಲೆಕ್ಕ ಆ ಕೂಲಿಯ ಪ್ರಮಾಣವನ್ನು ತೋಳಿನ ಬಲವೆಂದು ಬರೆದುಕೊಂಡಿದೆ ಎಂಬುದು ನನ್ನ ಗುಮಾನಿ. 1976ರಲ್ಲಿ ಸಂಸತ್ತು ಸಮಾನ ವೇತನದ ಕಾಯಿದೆ ಮಾಡಿತು. ಕರಿಹಲಗೆಗೆ ಅದು ತಿಳಿಯಲೇ ಇಲ್ಲ.

ಇದು ಬರೀ ಸಂಖ್ಯೆ, ಎರಡು ಅಸಮಾನ ಘಟಕಗಳು ಬೇಕಲ್ಲ ಎನ್ನುವ ಗಣಿತದ ಗೆಳೆಯರಿದ್ದಾರೆ. ಬೇಕು, ಒಪ್ಪಿದೆ. ತೊಟ್ಟಿಗೆ ನೀರು ಬಿಡುವ ದೊಡ್ಡ ನಲ್ಲಿ, ಸಣ್ಣ ನಲ್ಲಿ ಇಲ್ಲವೇ? ಪಳಗಿದ ಕೆಲಸಗಾರ, ಹೊಸಬ ಇಲ್ಲವೇ? ಬರೀ ಸಂಖ್ಯೆಯೇ ಆಗಿದ್ದರೆ 8 ಹೆಂಗಸರು ಅಥವಾ 12 ಗಂಡಸರು ಎಂದು ಆಗೀಗಲಾದರೂ ಬರಬೇಕಿತ್ತು. ಬಂದದ್ದೂ ಉಂಟು, ಎಲ್ಲಿ ಎಂದು ನೋಡಿ. ಎನ್‌ಸಿಇಆರ್‌ಟಿ 2006ರಲ್ಲಿ ತಂದ ಹತ್ತನೆಯ ತರಗತಿಯ ಗಣಿತದಲ್ಲಿ ಒಂದು ಲೆಕ್ಕವಿತ್ತು. ಬಿಡಿಸಿದರೆ ಹೆಂಗಸಿಗೆ 18 ದಿನ, ಗಂಡಸಿಗೆ 36 ದಿನ. ಕೆಲಸ ಯಾವುದು? ಕಸೂತಿ! ಹೆಣ್ಣು ಗೆದ್ದಳು, ಆದರೆ ಸೂಜಿ ಹಿಡಿದು.

ಈ ಚಾಳಿ ಹಳೆಯದು. 12ನೆಯ ಶತಮಾನದ ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲಿ ಗಣಿತ ಒಬ್ಬ ಬಾಲೆಯನ್ನು ಪ್ರೀತಿಯಿಂದ ಕರೆದು ಮಾತಾಡಿಸುತ್ತದೆ. ನಾನು ಮೆಚ್ಚುವ ಪುಸ್ತಕ. ಅದರಲ್ಲೇ ವ್ಯಸ್ತ ತ್ರೈರಾಶಿಗೆ ಉದಾಹರಣೆ ಹೀಗಿದೆ: 16 ವರ್ಷದ ದಾಸಿಯ ಬೆಲೆ 32 ಆದರೆ 20 ವರ್ಷದವಳ ಬೆಲೆ ಎಷ್ಟು? ವಯಸ್ಸು ಏರಿದಂತೆ ಬೆಲೆ ಇಳಿಯಬೇಕು. ಜನ ಹೆಚ್ಚಿದಂತೆ ದಿನ ಕಡಿಮೆಯಾಗುವ ನಮ್ಮ ಪಾಠದ ಸೂತ್ರವೂ ಅದೇ.

ತರಗತಿಯ ಕಸ ಗುಡಿಸುವ ಪಾಳಿಯನ್ನೇ ಲೆಕ್ಕವಾಗಿ ಕೊಡಬಹುದಿತ್ತು. ನಾನು ಕಂಡ ಶಾಲೆಗಳಲ್ಲಿ ಗಂಡಿನ ಪಾಲು ಸೊನ್ನೆಗೆ ಇಳಿದು ಭಾಗಾಕಾರವೇ ನಿಂತುಹೋಗುತ್ತಿತ್ತು.

ಈಗ ಈ ಲೆಕ್ಕಗಳು ಸ್ಪರ್ಧಾತ್ಮಕ ಪರೀಕ್ಷೆಗಳ ಗೈಡುಗಳಲ್ಲಿ ಸುಖವಾಗಿ ನೆಲೆಸಿವೆ. ಅಲ್ಲಿ ಮೂರನೆಯ ಘಟಕವೂ ಇದೆ: ಗಂಡಸರು, ಹೆಂಗಸರು, ಮಕ್ಕಳು, ಇಳಿಕೆಯ ಕ್ರಮದಲ್ಲಿ. ಬ್ಯಾಂಕಿನ ಕೆಲಸಕ್ಕೆ ಓದುತ್ತಿರುವ ನೆರೆಮನೆಯ ಹುಡುಗಿ ಅಂಥದೊಂದನ್ನು ನನ್ನೆದುರಿಗೇ ಬಿಡಿಸಿದಳು. ಹೆಂಗಸನ್ನು ಮೊದಲು ಮಕ್ಕಳಾಗಿ ಪರಿವರ್ತಿಸಿಕೊಂಡರೆ ಬೇಗ ಆಗುತ್ತದೆ ಅಂಕಲ್, ಎಂದಳು.