ಮಿತದ ಮನೆವಾರ್ತೆ: ಮುದ್ದಣನ ಮನೋರಮೆ ಮತ್ತು ಆಯ್ದಕ್ಕಿ ಲಕ್ಕಮ್ಮ

ಗೃಹಸ್ಥ ಜೀವನದ ಸುಖವನ್ನು ಬಣ್ಣಿಸಿದ ಕವಿಗಳು ಕನ್ನಡದಲ್ಲಿ ಅನೇಕರಿದ್ದಾರೆ. ಆದರೆ ಅಲ್ಪದಲ್ಲಿ ನಡೆಯುವ ಸಂಸಾರವೊಂದನ್ನು ಅದರ ಅಲ್ಪತ್ವಕ್ಕಾಗಿ ಮರುಗದೆ, ಅದರ ಒಳಗಿನ ಹಿಗ್ಗನ್ನೇ ವಸ್ತುವಾಗಿ ಸ್ವೀಕರಿಸಿದವರು ವಿರಳ. ಇಂತಹ ವಿರಳ ಚಿತ್ರಗಳಲ್ಲಿ ಎರಡನ್ನು ಇಲ್ಲಿ ವಿವೇಚನೆಗೆ ತೆಗೆದುಕೊಳ್ಳಲಾಗಿದೆ. ಒಂದು, ನಂದಳಿಕೆಯ ಲಕ್ಷ್ಮೀನಾರಣಪ್ಪನು ಮುದ್ದಣನೆಂಬ ಹೆಸರಿನಲ್ಲಿ ರಚಿಸಿದ ‘ಶ್ರೀರಾಮಾಶ್ವಮೇಧಂ’ ಕೃತಿಯ ಮುದ್ದಣ–ಮನೋರಮೆಯರ ಸಲ್ಲಾಪ. ಇನ್ನೊಂದು, ಅದಕ್ಕಿಂತ ಏಳು ಶತಮಾನಗಳಷ್ಟು ಹಿಂದಿನ ಆಯ್ದಕ್ಕಿ ಮಾರಯ್ಯ–ಲಕ್ಕಮ್ಮ ದಂಪತಿಗಳ ಚರಿತ್ರೆ. ಮೊದಲನೆಯದನ್ನು ಸಾಹಿತ್ಯದ ವಿದ್ಯಾರ್ಥಿಗಳು ಸರಸಸಂಭಾಷಣೆಯ ಮಾದರಿಯೆಂದು ಓದುತ್ತಾರೆ; ಎರಡನೆಯದನ್ನು ಭಕ್ತರು ಕಾಯಕನಿಷ್ಠೆಯ ನಿದರ್ಶನವೆಂದು ಸ್ಮರಿಸುತ್ತಾರೆ. ಇವೆರಡನ್ನು ಒಟ್ಟಿಗೆ ಇಟ್ಟು ನೋಡಿದರೆ, ಮಿತವ್ಯಯದ ಸಂಸಾರದಲ್ಲಿ ಆನಂದ ಎಲ್ಲಿಂದ ಹುಟ್ಟುತ್ತದೆ ಎಂಬ ಪ್ರಶ್ನೆಗೆ ಒಂದು ಉತ್ತರ ದೊರೆಯುತ್ತದೆಂಬುದು ಈ ಲೇಖನದ ಪ್ರತಿಪಾದನೆ.

ಮುದ್ದಣನ ನಾಡನ್ನು ಅರಿಯದೆ ಅವನ ಸಲ್ಲಾಪವನ್ನು ಅರಿಯುವುದು ಕಷ್ಟ. ಉಡುಪಿಯಿಂದ ದಕ್ಷಿಣಕ್ಕೆ ಕಡಲ ದಂಡೆಯನ್ನು ಅನುಸರಿಸಿ ನಡೆದರೆ ಕಾಪು, ಉಚ್ಚಿಲಗಳನ್ನು ದಾಟಿ ಎರ್ಮಾಳು ಸಿಗುತ್ತದೆ. ಅಲ್ಲಿಂದ ಮುಂದಿನ ಪಡುಬಿದ್ರಿಯಲ್ಲಿ ಮೂಡಲಿಗೆ ತಿರುಗಿ ಕಾರ್ಕಳದ ದಾರಿ ಹಿಡಿದರೆ ಬೆಳ್ಮಣ್ಣು, ಅದರ ಸಮೀಪದಲ್ಲಿಯೇ ನಂದಳಿಕೆ. ಎರ್ಮಾಳಿನ ತೆಂಗಿನ ತೋಟ, ಮರಳದಿಣ್ಣೆಗಳಿಗೂ ನಂದಳಿಕೆಯ ಬಯಲು, ಗುಡ್ಡಗಳಿಗೂ ನಡುವೆ ಇರುವುದು ಅಲ್ಪ ಅಂತರ. ಎರಡಕ್ಕೂ ಒಂದೇ ಮಳೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರಿನಷ್ಟು ಬೀಳುವ ಈ ಮಳೆಯ ಬಹುಭಾಗ ಜೂನ್ ಮೊದಲಾಗಿ ನಾಲ್ಕು ತಿಂಗಳಲ್ಲಿಯೇ ಸುರಿದುಬಿಡುತ್ತದೆ. ಆಗ ಕಡಲಿಗೆ ದೋಣಿ ಇಳಿಯುವುದು ದುಸ್ತರ. ಹಿಂದಿನ ವರ್ಷದ ಭತ್ತ ತೀರುತ್ತ ಬಂದಿರುತ್ತದೆ. ಹೊಸ ಪೈರು ಇನ್ನೂ ಗದ್ದೆಯಲ್ಲಿರುತ್ತದೆ. ಆಟಿ ತಿಂಗಳೆಂದರೆ ತುಳುನಾಡಿನ ಹಳಬರಿಗೆ ಕೊರತೆಯ ತಿಂಗಳು.

ಈ ಕೊರತೆಯನ್ನು ಎದುರಿಸಲು ಇಲ್ಲಿಯ ಗೃಹಿಣಿಯರು ರೂಢಿಸಿಕೊಂಡ ಕ್ರಮವು ಒಂದು ಶಾಸ್ತ್ರವೆನ್ನುವಷ್ಟು ಸುಸಂಬದ್ಧವಾದುದು. ಬೇಸಗೆಯಲ್ಲಿ ಹಲಸಿನ ತೊಳೆಯನ್ನು ಉಪ್ಪಿನಲ್ಲಿ ಹಾಕಿಡುವುದು, ಹಪ್ಪಳ ಸಂಡಿಗೆಗಳನ್ನು ಒಣಗಿಸುವುದು, ಮಾವಿನಮಿಡಿಯನ್ನು ಭರಣಿಗೆ ತುಂಬುವುದು, ಹಲಸಿನ ಬೀಜಕ್ಕೆ ಮಣ್ಣು ಮೆತ್ತಿ ಕೆಡದಂತೆ ಕಾಪಾಡುವುದು, ಒಣಸೌದೆಯನ್ನು ಸೂರಿನಡಿ ಒಟ್ಟುವುದು. ಮಳೆ ಹಿಡಿದ ಮೇಲೆ ಹಿತ್ತಿಲ ಕೆಸುವಿನೆಲೆಯಿಂದ ಪತ್ರೊಡೆ, ಬೇಲಿಬದಿಯ ತಜಂಕಿನ ಚಿಗುರಿನಿಂದ ಪಲ್ಯ. ಇವುಗಳಲ್ಲಿ ಬಹುಪಾಲಿಗೆ ಕಾಸು ಬೇಡ. ಬೇಕಾದುದು ಮುಂದಾಲೋಚನೆ ಮತ್ತು ಅಳತೆ. ಹಂಡೆಯಲ್ಲಿ ಎಷ್ಟು ಉಳಿದಿದೆ, ಎಷ್ಟು ದಿನಕ್ಕೆ ಬರಬೇಕು ಎಂಬ ಲೆಕ್ಕವನ್ನು ಮನೆಯೊಡತಿಯು ಮನಸ್ಸಿನಲ್ಲಿಯೇ ನಡೆಸುತ್ತಾಳೆ.

ಮುದ್ದಣನು ತನ್ನ ಕಥೆಯನ್ನು ಆರಂಭಿಸುವುದು ಇಂತಹ ಮಳೆಗಾಲದಲ್ಲಿಯೇ ಎಂಬುದನ್ನು ವಾಚಕರು ಗಮನಿಸಬೇಕು. ಹೊರಗೆ ಕಾರ್ಮುಗಿಲು, ಒಳಗೆ ಗಂಡಹೆಂಡಿರು. ಮನೆಗೆ ಬಂದ ಪತಿಗೆ ಮನೋರಮೆ ನೀರು ಕೊಟ್ಟು, ಹಣ್ಣು ಹಾಲುಗಳನ್ನಿತ್ತು, ಅಡಕೆ ವೀಳ್ಯವನ್ನು ನೀಡಿ ಉಪಚರಿಸುತ್ತಾಳೆ. ಬಳಿಕ ಹೊತ್ತು ಕಳೆಯಲು ಒಂದು ಒಳ್ಳೆಯ ಕಥೆಯನ್ನು ಹೇಳೆಂದು ಕೇಳುತ್ತಾಳೆ. ಇಡೀ ಸಲ್ಲಾಪದ ಸಾಮಗ್ರಿ ಇಷ್ಟೇ. ರತ್ನಾಭರಣವಿಲ್ಲ, ಉದ್ಯಾನವಿಹಾರವಿಲ್ಲ, ಸಖಿಯರ ಸಮೂಹವಿಲ್ಲ. ಪ್ರಾಚೀನ ಕಾವ್ಯಗಳ ಶೃಂಗಾರಕ್ಕೆ ಅನಿವಾರ್ಯವೆನಿಸಿದ್ದ ಎಲ್ಲ ಪರಿಕರಗಳನ್ನೂ ಕವಿ ಹೊರಗಿಟ್ಟಿದ್ದಾನೆ. ಕಥೆಗೆ ಮೆಚ್ಚು ಏನೆಂಬ ಮಾತು ಬಂದಾಗಲೂ ಅದು ಸರಸದ ಮಾತಾಗಿ ಹೊಳೆಯುತ್ತದೆಯೇ ಹೊರತು ಹೊನ್ನಿನ ಮಾತಾಗಿ ಅಲ್ಲ.

ಈ ಸನ್ನಿವೇಶಕ್ಕೆ ತುಳುನಾಡಿನ ಕಾಲಗಣನೆಯೂ ಹಿನ್ನೆಲೆಯಾಗಿದೆ. ಇಲ್ಲಿಯ ಜಾತ್ರೆಗಳು ಎರ್ಮಾಳಿನಲ್ಲಿ ಮೊದಲಾಗಿ ಖಂಡೇವಿನಲ್ಲಿ ಮುಗಿಯುತ್ತವೆಂಬುದು ಜನರ ನಾಲಗೆಯ ಮೇಲಿರುವ ಗಾದೆ. ಬೇಶ ತಿಂಗಳ ಹತ್ತನೆಯ ದಿನ, ಎಂದರೆ ಮೇ ತಿಂಗಳ 24ರ ಸುಮಾರಿಗೆ ಬರುವ ಪತ್ತನಾಜೆಯಂದು ಕೋಲ ನೇಮಗಳು ನಿಲ್ಲುತ್ತವೆ; ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಇಂದು ಪಟ್ಟಣಗಳಲ್ಲಿ ಮಳೆಗಾಲದ ಆಟಗಳೂ ನಡೆಯುತ್ತವೆಯಾದರೂ ಹಳೆಯ ಕಟ್ಟಳೆ ಅದೇ. ಮುದ್ದಣನು ‘ರತ್ನಾವತಿ ಕಲ್ಯಾಣ’, ‘ಕುಮಾರ ವಿಜಯ’ ಎಂಬ ಯಕ್ಷಗಾನ ಪ್ರಸಂಗಗಳನ್ನು ರಚಿಸಿದವನು. ಬಯಲಿನ ರಂಗ ಮುಚ್ಚಿದಾಗ ಮನೆಯೇ ರಂಗವಾಗುವುದನ್ನು ಅವನು ಬಲ್ಲ. ಭಾಗವತನೂ ಅರ್ಥಧಾರಿಯೂ ಕೂಡಿ ಪ್ರಸಂಗವನ್ನು ನಡೆಸುವಂತೆ ಇಲ್ಲಿ ಪತಿಪತ್ನಿಯರು ಕೂಡಿ ಕಥೆಯನ್ನು ನಡೆಸುತ್ತಾರೆ. ಹಣ ತೆತ್ತು ತರಬೇಕಾದ ವಿನೋದಕ್ಕೆ ಬದಲಾಗಿ ಮನೆಯಲ್ಲಿಯೇ ನೂತು ನೆಯ್ದ ವಿನೋದವಿದು.

ಮನೋರಮೆ ಕೇವಲ ಕೇಳುಗಳಲ್ಲ. ಅವಳಿಗೆ ಪದ್ಯಕ್ಕಿಂತ ಗದ್ಯವೇ ಪ್ರಿಯ. ಪತಿಯು ದೀರ್ಘ ಸಂಸ್ಕೃತ ಸಮಾಸಗಳಿಂದ ಉಪಕ್ರಮಿಸಿದೊಡನೆ ಅವಳು ತಡೆದು, ತಿಳಿಯುವ ಕನ್ನಡದಲ್ಲಿ ಹೇಳೆಂದು ಒತ್ತಾಯಿಸುತ್ತಾಳೆ. ವಿಮರ್ಶಕರು ಈ ಭಾಗವನ್ನು ಭಾಷಾವಿಚಾರವೆಂದು, ಹೊಸಗನ್ನಡ ಗದ್ಯದ ಮುಂಗೋಳಿಯ ಕೂಗೆಂದು ವ್ಯಾಖ್ಯಾನಿಸಿದ್ದಾರೆ. ಅದು ಸರಿಯೇ. ಆದರೆ ಅದನ್ನು ಮನೆವಾರ್ತೆಯ ಮಾತಾಗಿಯೂ ಓದಬಹುದು. ಉಗ್ರಾಣದಲ್ಲಿ ಅಕ್ಕಿಯನ್ನು ಅಳೆಯುವ ಕೈಯೇ ಇಲ್ಲಿ ಮಾತನ್ನು ಅಳೆಯುತ್ತಿದೆ. ಉಪಯೋಗಕ್ಕೆ ಬಾರದ ಆಡಂಬರವನ್ನು ಅವಳು ಅಡಿಗೆಮನೆಯಲ್ಲಿ ಹೇಗೆ ಒಲ್ಲಳೋ ಕಾವ್ಯದಲ್ಲಿಯೂ ಹಾಗೆಯೇ ಒಲ್ಲಳು. ಆದರೂ ಕಥೆಯ ರುಚಿಗೆ ಬೇಕಾದ ಸಂಸ್ಕೃತದ ಮೇಳವನ್ನು ಕೃತಿ ಬಿಟ್ಟುಕೊಟ್ಟಿಲ್ಲ. ಮಿತವೆಂದರೆ ಎಲ್ಲವನ್ನೂ ತೊರೆಯುವುದಲ್ಲ, ತಕ್ಕಷ್ಟನ್ನು ಇರಿಸಿಕೊಳ್ಳುವುದು ಎಂಬುದಕ್ಕೆ ಆ ಗದ್ಯದ ಹದವೇ ಸಾಕ್ಷಿ.

ಇಲ್ಲಿಯವರೆಗೆ ಹೇಳಿದ್ದು ಕೃತಿಯ ಮಾತು. ಕವಿಯ ಬಾಳು ಇಷ್ಟು ನಗುಮೊಗದ್ದಲ್ಲ. 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನು ಬಡತನದಿಂದ ಹೆಚ್ಚಿನ ಶಾಲಾವಿದ್ಯೆಯನ್ನು ಪಡೆಯಲಾರದೆ, ಮದರಾಸಿನಲ್ಲಿ ಅಂಗಸಾಧನೆಯ ತರಬೇತಿ ಪಡೆದು, ಉಡುಪಿಯಲ್ಲಿಯೂ ಕೆಲಕಾಲ ಕುಂದಾಪುರದಲ್ಲಿಯೂ ವ್ಯಾಯಾಮದ ಉಪಾಧ್ಯಾಯನಾಗಿದ್ದನು. ಉಡುಪಿ ಆಗ ಚಿಕ್ಕ ಪಟ್ಟಣ. ವ್ಯಾಯಾಮದ ಉಪಾಧ್ಯಾಯನ ಸಂಬಳವೂ ಚಿಕ್ಕದು. ‘ಅದ್ಭುತ ರಾಮಾಯಣಂ’, ‘ಶ್ರೀರಾಮ ಪಟ್ಟಾಭಿಷೇಕಂ’, ‘ಶ್ರೀರಾಮಾಶ್ವಮೇಧಂ’ ಎಂಬ ಮೂರು ಕೃತಿಗಳನ್ನೂ ತನ್ನವೆಂದು ಹೇಳಿಕೊಳ್ಳದೆ, ಹಳೆಯ ಕವಿಯೊಬ್ಬನವೆಂಬಂತೆ ಮೈಸೂರಿಗೆ ಕಳುಹಿಸಿದನು. ಕ್ಷಯರೋಗ ಅವನನ್ನು 1901ರಲ್ಲಿ ಕೊಂಡೊಯ್ದಿತು. ಆಗ ಅವನ ವಯಸ್ಸು ಮೂವತ್ತೊಂದು. ಸಲ್ಲಾಪದ ಮುದ್ದಣನು ಮನೆಗೆ ಬರುವುದು ಅರಮನೆಯಿಂದ. ನಿಜಜೀವನದ ಮುದ್ದಣನಿಗೆ ಅರಮನೆಯಿರಲಿಲ್ಲ. ಆದುದರಿಂದ ಸಲ್ಲಾಪವನ್ನು ಓದಿ, ಬಡತನದಲ್ಲಿಯೇ ಕವಿಗೆ ಸೊಗಸಿತ್ತೆಂದು ಹೊಗಳುವ ವಾಡಿಕೆಯನ್ನು ಒಪ್ಪಲಾಗದು. ಮಿತ ಬೇರೆ, ಅಭಾವ ಬೇರೆ. ಮೊದಲನೆಯದನ್ನು ಮನುಷ್ಯನು ಅರಿತು ಆಯ್ದುಕೊಳ್ಳುತ್ತಾನೆ. ಎರಡನೆಯದು ಅವನ ಮೇಲೆ ಬಂದೆರಗುತ್ತದೆ. ಔಷಧಕ್ಕೂ ವಿಶ್ರಾಂತಿಗೂ ಎಟುಕದ ಬಾಳನ್ನು ಸರಳಜೀವನವೆಂದು ಕರೆದರೆ ಅದು ವಿಮರ್ಶೆಯಾಗದು, ನಿರ್ದಯೆಯಾದೀತು.

ಮಿತಕ್ಕೂ ಅಭಾವಕ್ಕೂ ಇರುವ ಈ ಗಡಿಯನ್ನು ಅತ್ಯಂತ ಸ್ಪಷ್ಟವಾಗಿ ಗುರುತಿಸಿದವಳು ಹನ್ನೆರಡನೆಯ ಶತಮಾನದ ಲಕ್ಕಮ್ಮ. ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಕಾಯಕವು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಅವರನ್ನು ಪರೀಕ್ಷಿಸಲೆಂದು ಬಸವಣ್ಣನವರು ಒಂದು ದಿನ ಹೆಚ್ಚು ಅಕ್ಕಿಯನ್ನು ಚೆಲ್ಲಿಸಿದರು. ಮಾರಯ್ಯ ಎಂದಿಗಿಂತ ಅಧಿಕವಾಗಿ ತಂದನು. ಲಕ್ಕಮ್ಮ ಅದನ್ನು ಒಲ್ಲದೆ, ಹೆಚ್ಚಾದುದನ್ನು ಇದ್ದಲ್ಲಿಗೇ ಮರಳಿ ಚೆಲ್ಲಿ ಬರಲು ಹೇಳಿದಳು. ಈ ಕಥೆಯನ್ನು ನಮ್ಮ ಭಕ್ತರೆಲ್ಲ ಬಲ್ಲರು. ಶೂನ್ಯಸಂಪಾದನೆಯಲ್ಲಿ ಈ ದಂಪತಿಗಳ ಪ್ರಸಂಗಕ್ಕೆ ಒಂದು ಪ್ರತ್ಯೇಕ ಭಾಗವೇ ಮೀಸಲಾಗಿದೆ.

ಈ ಕಥೆಯಲ್ಲಿ ನಾವು ಸಾಮಾನ್ಯವಾಗಿ ನಿರ್ಲೋಭವನ್ನಷ್ಟೇ ಕಾಣುತ್ತೇವೆ. ಆದರೆ ಲಕ್ಕಮ್ಮನ ಆಕ್ಷೇಪವಿರುವುದು ಅಕ್ಕಿಯ ಮೇಲಲ್ಲ, ಅಳತೆ ತಪ್ಪಿದುದರ ಮೇಲೆ. ನಿತ್ಯದ ಅಕ್ಕಿಯನ್ನು ಅವಳು ಸಂತೋಷದಿಂದ ಸ್ವೀಕರಿಸುತ್ತಾಳೆ, ಬೇಯಿಸುತ್ತಾಳೆ, ಬಡಿಸುತ್ತಾಳೆ. ಹಸಿವನ್ನು ಅವಳು ವ್ರತವಾಗಿ ಮಾಡಿಕೊಂಡಿಲ್ಲ. ಅಳತೆಯೊಳಗಿನ ಆ ಅಕ್ಕಿಯಿಂದಲೇ ಒಂದು ಲಕ್ಷದ ತೊಂಬತ್ತಾರು ಸಾವಿರ ಜಂಗಮರಿಗೆ ದಾಸೋಹ ನಡೆಯಿತೆಂದು ಸಂಪ್ರದಾಯ ಹೇಳುತ್ತದೆ. ಇದನ್ನು ಪವಾಡವೆಂದು ನಂಬುವವರು ನಂಬಲಿ, ರೂಪಕವೆಂದು ತಿಳಿಯುವವರು ಹಾಗೆ ತಿಳಿಯಲಿ, ತಾತ್ಪರ್ಯ ಒಂದೇ. ಮಿತವಾದ ಮನೆಯ ಬಾಗಿಲು ತೆರೆದಿದೆ. ಲೋಭಿಯ ಮನೆಯಲ್ಲಿಯೂ ಅಳತೆಯುಂಟು, ಆದರೆ ಅಲ್ಲಿ ಅತಿಥಿಗೆ ಪ್ರವೇಶವಿಲ್ಲ.

ಈಗ ಇಬ್ಬರು ಗೃಹಿಣಿಯರನ್ನು ಹೋಲಿಸಿ ನೋಡಬಹುದು. ಲಕ್ಕಮ್ಮ ಶಿವಶರಣೆ, ಅವಳ ಮಾತಿನಲ್ಲಿ ಎಚ್ಚರವೂ ನಿಷ್ಠುರತೆಯೂ ಇವೆ. ಮನೋರಮೆ ಕವಿಕಲ್ಪಿತ ಪಾತ್ರ. ಅವಳ ಮಾತಿನಲ್ಲಿ ಕೊಂಕು ನಗೆಗಳಿವೆ. ಒಬ್ಬಳ ಮನೆಯ ಗುರಿ ದಾಸೋಹ. ಇನ್ನೊಬ್ಬಳ ಮನೆಯಲ್ಲಿ ಅಂತಹ ವ್ರತದ ಪ್ರಸ್ತಾಪವಿಲ್ಲ. ಈ ಭೇದಗಳನ್ನು ಮರೆಮಾಚಿ ಇಬ್ಬರನ್ನೂ ಒಂದೇ ಎನ್ನುವುದು ತರವಲ್ಲ. ಆದರೆ ಒಂದು ಅಂಶದಲ್ಲಿ ಅವರು ಸೋದರಿಯರು. ಇಬ್ಬರೂ ಪತಿಯನ್ನು ತಡೆದು ಮಾತನಾಡುತ್ತಾರೆ. ಇಬ್ಬರ ಪತಿಗಳೂ ಕೇಳುತ್ತಾರೆ. ಮಾರಯ್ಯನು ಅಲ್ಲಮಪ್ರಭುಗಳ ಅನುಭಾವಗೋಷ್ಠಿಯಲ್ಲಿ ಮೈಮರೆತು ಕಾಯಕ ತಪ್ಪಿದಾಗ ಅವನನ್ನು ಎಚ್ಚರಿಸಿದವಳೂ ಲಕ್ಕಮ್ಮನೇ. ಅವಳ ವಚನಗಳ ಅಂಕಿತವು ಮಾರಯ್ಯನಿಗೆ ಪ್ರಿಯನಾದ ಅಮಲೇಶ್ವರಲಿಂಗವೆಂಬುದು. ಪತಿಯ ಹೆಸರನ್ನು ಅಂಕಿತದಲ್ಲಿಟ್ಟುಕೊಂಡೇ ಅವಳು ಪತಿಯನ್ನು ತಿದ್ದುತ್ತಾಳೆ. ಸಂಸಾರದ ಅಳತೆಯನ್ನು ಇಬ್ಬರೂ ಕೂಡಿ ಮಾತನಾಡಿ ಗೊತ್ತುಮಾಡುವಲ್ಲಿ ಆ ಅಳತೆ ಭಾರವೆನಿಸುವುದಿಲ್ಲ. ಮಿತದ ಸಂಸಾರದ ಆನಂದ ಹುಟ್ಟುವುದು ಅಲ್ಲಿಂದ ಎಂಬುದು ಈ ಎರಡು ಚಿತ್ರಗಳ ಸಮಾನ ಸಾಕ್ಷ್ಯ.

ಇದಕ್ಕೆ ಒಂದು ಪ್ರಬಲವಾದ ಆಕ್ಷೇಪವುಂಟು. ಮಿತವ್ಯಯದ ಸುಖವನ್ನು ಹೊಗಳುವವರು ಸಾಮಾನ್ಯವಾಗಿ ಉಣ್ಣುವವರು. ಅದರ ಶ್ರಮವನ್ನು ಹೊರುವವರು ಹೆಂಗಸರು ಎಂಬುದೇ ಆ ಆಕ್ಷೇಪ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಇದೇ ಕರಾವಳಿಯ, ಉಡುಪಿಗೆ ಉತ್ತರದ ಕೋಡಿಯ ಸಂಸಾರವೊಂದನ್ನು ಚಿತ್ರಿಸುತ್ತದೆ. ಅಲ್ಲಿಯ ಪಾರೋತಿ, ಸರಸೋತಿಯರು ಮಳೆ ಬಿಸಿಲೆನ್ನದೆ ದುಡಿಯುತ್ತಾರೆ. ಮನೆ ನಿಂತಿರುವುದೇ ಅವರ ದುಡಿಮೆಯ ಮೇಲೆ. ಆದರೆ ಯಜಮಾನನಾದ ರಾಮ ಐತಾಳನು ಎರಡನೆಯ ಮದುವೆಯಂತಹ ಗುರುತರ ವಿಷಯದಲ್ಲಿಯೂ ಅವರ ಮನಸ್ಸನ್ನು ಕೇಳುವವನಲ್ಲ. ಮಿತವ್ಯಯ ಅಲ್ಲಿಯೂ ಇದೆ, ಸಲ್ಲಾಪವಿಲ್ಲ. ಆದುದರಿಂದಲೇ ಆ ಮನೆಯ ಸಹನೆ ನಮ್ಮ ಗೌರವವನ್ನು ಪಡೆಯುತ್ತದೆಯೇ ಹೊರತು ಹಿಗ್ಗನ್ನು ಹುಟ್ಟಿಸುವುದಿಲ್ಲ. ಕಾರಂತರ ಕಾದಂಬರಿಯು ನಮ್ಮ ಪ್ರತಿಪಾದನೆಯನ್ನು ಖಂಡಿಸುವಂತೆ ತೋರಿದರೂ ವಾಸ್ತವವಾಗಿ ಅದನ್ನು ಇನ್ನೊಂದು ಮಗ್ಗುಲಿನಿಂದ ಸ್ಥಾಪಿಸುತ್ತದೆ.

ಆದ್ದರಿಂದ ಸರಳ ಸಂಸಾರವನ್ನು ಚಿತ್ರಿಸುವ ಯಾವುದೇ ಕೃತಿಯ ಮುಂದೆ ವಿಮರ್ಶಕನು ಮೂರು ಪ್ರಶ್ನೆಗಳನ್ನು ಇಡಬೇಕಾಗುತ್ತದೆ. ಇಲ್ಲಿಯ ಅಲ್ಪತೆ ಆಯ್ಕೆಯೋ ಅಭಾವವೋ? ಅಳತೆಯನ್ನು ಗೊತ್ತುಮಾಡುವಲ್ಲಿ ಮನೆಯವರೆಲ್ಲರ ಮಾತಿಗೆ ಬೆಲೆಯಿದೆಯೋ? ಉಳಿತಾಯವಾದುದು ಪೆಟ್ಟಿಗೆಯನ್ನು ಸೇರುತ್ತದೆಯೋ, ಹಸಿದವನ ಎಲೆಯನ್ನು ಸೇರುತ್ತದೆಯೋ? ಲಕ್ಕಮ್ಮನ ಚರಿತ್ರೆ ಮೂರಕ್ಕೂ ಸಮರ್ಪಕವಾದ ಉತ್ತರ ಕೊಡುತ್ತದೆ. ಮುದ್ದಣನ ಸಲ್ಲಾಪ ಎರಡನೆಯದಕ್ಕೆ ಪೂರ್ಣವಾಗಿ ಉತ್ತರಿಸುತ್ತದೆ; ಮೊದಲನೆಯದನ್ನು ಅರಮನೆಯ ಕಲ್ಪನೆಯಿಂದ ಮರೆಸುತ್ತದೆ; ಮೂರನೆಯದನ್ನು ಎತ್ತುವುದಿಲ್ಲ. ಆದರೂ ತನಗೆ ದೊರೆತ ಅಲ್ಪ ಆಯುಷ್ಯದಲ್ಲಿ ಕವಿಯು ಉಳಿಸಿಟ್ಟುದು ಕನ್ನಡಿಗರೆಲ್ಲರ ಪಾಲಿಗೆ ಸಂದಿದೆ. ಅದನ್ನು ದಾಸೋಹವೆಂದು ಕರೆದರೆ ಉತ್ಪ್ರೇಕ್ಷೆಯಾಗದು.

ಇಂದು ಎರ್ಮಾಳು, ಕಾಪು, ಬೆಳ್ಮಣ್ಣುಗಳ ಮನೆಗಳಲ್ಲಿ ಮಳೆಗಾಲದ ಕೊರತೆ ಹಿಂದಿನಷ್ಟು ಕಠಿನವಲ್ಲ. ಅಂಗಡಿಯಲ್ಲಿ ವರ್ಷವಿಡೀ ಎಲ್ಲವೂ ದೊರೆಯುತ್ತದೆ. ಹಪ್ಪಳ, ಉಪ್ಪಿನಕಾಯಿಗಳನ್ನು ಕೊಂಡು ತರುವುದರಲ್ಲಿ ದೋಷವೇನೂ ಇಲ್ಲ. ಹೆಂಗಸರ ಶ್ರಮ ಅಷ್ಟು ತಗ್ಗಿದರೆ ಒಳ್ಳೆಯದೇ. ಆದರೆ ಅಳತೆಯ ವಿವೇಕವನ್ನೂ ಮನೆಯೊಳಗಿನ ಮಾತನ್ನೂ ಅಂಗಡಿಯಿಂದ ತರಲಾಗದು. ಕೈಗೆ ಬಂದ ಹೆಚ್ಚಿನ ಅಕ್ಕಿಯ ಮುಂದೆ ಸಾಕೆಂದು ಹೇಳಬಲ್ಲ ಹೆಂಡತಿ, ಅದನ್ನು ಕೇಳಿ ಹಿಂದಿರುಗಿ ನಡೆಯಬಲ್ಲ ಗಂಡ: ಇವರಿಬ್ಬರಿರುವ ಮನೆ ಕಲ್ಯಾಣದಲ್ಲಿರಲಿ, ಕರಾವಳಿಯ ಚಿಕ್ಕ ಊರಿನಲ್ಲಿರಲಿ, ಅದು ಸಂಪನ್ನವಾದ ಮನೆಯೇ ಸರಿ.