ಅಡಿಕೆ ಅಂಗಳದ ಗಾಳಿಗೆ ರಾಮನ್ ಬೆಳಕು

ಲಿಂಗದಹಳ್ಳಿ ಸುತ್ತಿನ ಊರುಗಳಲ್ಲಿ ಅಡಿಕೆ ಕೊಯ್ಲು ಶುರುವಾಯಿತೆಂದರೆ ಅಂಗಳದ ತುಂಬ ಪ್ಲಾಸ್ಟಿಕ್. ಒಣಹಾಕಲು ನೆರಳುಬಲೆ, ಮಳೆ ಹನಿದರೆ ಮುಚ್ಚಲು ಟಾರ್ಪಾಲು, ತುಂಬಲು ಪಾಲಿಪ್ರೊಪಿಲೀನ್ ಚೀಲ. ವರ್ಷಗಟ್ಟಲೆ ಬಿಸಿಲುಂಡ ಚೀಲ ಮುಟ್ಟಿದರೆ ಪುಡಿ ಉದುರುತ್ತದೆ. ಆ ಧೂಳಿನಲ್ಲೇ ಕೂತು ಸುಲಿಯುವ, ಆರಿಸುವ ಹೆಂಗಸರಿಗೆ ಉತ್ತರ ಬೇಕಿರುವುದು ಒಂದೇ ಪ್ರಶ್ನೆಗೆ: ನಮ್ಮ ಎದೆಗೆ ಎಷ್ಟು ಇಳಿಯುತ್ತಿದೆ? ಗಾಳಿಯ ಮೈಕ್ರೊಪ್ಲಾಸ್ಟಿಕ್ಕನ್ನು ರೋಹಿತದಿಂದ ಪತ್ತೆ ಹಚ್ಚುವ ವಿಧಾನವನ್ನು ನಾನು ತೂಗುವುದೂ ಈ ಪ್ರಶ್ನೆಯಿಂದಲೇ.

ಏನು ಇಳಿಯುತ್ತಿದೆ ಎಂದು ಹೇಳುವುದರಲ್ಲಿ ಈ ವಿಧಾನಕ್ಕೆ ಸಾಟಿಯಿಲ್ಲ. ಚದುರಿದ ಬೆಳಕಿನ ಬಣ್ಣ ಬದಲಾಗುವುದನ್ನು ಕಲ್ಕತ್ತದಲ್ಲಿ ಕಂಡ ಸಿ.ವಿ. ರಾಮನ್, 1928ರ ಮಾರ್ಚ್ 16ರಂದು ಬೆಂಗಳೂರಿನ ಉಪನ್ಯಾಸದಲ್ಲಿ ಅದನ್ನು ವಿವರಿಸಿದರು. ಅದೇ ತತ್ವದ ಸೂಕ್ಷ್ಮದರ್ಶಕ ಇಂದು ಸುಮಾರು 1 ಮೈಕ್ರಾನ್ ಗಾತ್ರದ ಕಣವನ್ನೂ ಪಾಲಿಪ್ರೊಪಿಲೀನೋ ಪಾಲಿಯೆಸ್ಟರೋ ಎಂದು ಗುರುತಿಸಬಲ್ಲದು. ಹೆಚ್ಚು ಬಳಕೆಯಲ್ಲಿರುವ ಇನ್ಫ್ರಾರೆಡ್ ವಿಧಾನ ಸುಮಾರು 10 ಮೈಕ್ರಾನಿಗೆ ಸೋಲುತ್ತದೆ. ಶ್ವಾಸಕೋಶದ ಆಳ ತಲುಪುವುದಾದರೋ ಹೆಚ್ಚಾಗಿ 4 ಮೈಕ್ರಾನಿನ ಆಸುಪಾಸಿನ, ಅದಕ್ಕಿಂತ ಸಣ್ಣ ಕಣಗಳು. ಇನ್ಫ್ರಾರೆಡ್ ವರದಿಯಲ್ಲಿ ಪ್ಲಾಸ್ಟಿಕ್ ಕಡಿಮೆ ಎಂದಿದ್ದರೆ ಗಾಳಿ ಶುದ್ಧವೆಂದು ಅರ್ಥ ಮಾಡುವುದು ಅಪಾಯ.

ರಾಮನ್ ವಿಧಾನಕ್ಕೂ ಅಡಿಕೆ ಅಂಗಳ ಸುಲಭದ ಜಾಗವಲ್ಲ. ಸಿಪ್ಪೆಯ ನಾರಿನಲ್ಲಿರುವ ಲಿಗ್ನಿನ್ ಲೇಸರ್ ಬಿದ್ದಾಗ ತಾನೇ ಹೊಳೆದು ಪ್ಲಾಸ್ಟಿಕ್ಕಿನ ಮಂದ ಸಂಕೇತವನ್ನು ನುಂಗುತ್ತದೆ. ಹೈಡ್ರೊಜನ್ ಪೆರಾಕ್ಸೈಡ್‌ನಲ್ಲಿ ನೆನೆಸಿ ನಾರನ್ನು ಕರಗಿಸಲು ನೋಡುತ್ತಾರೆ, ಅಷ್ಟೂ ಹೋಗುವುದಿಲ್ಲ. ರೇಷ್ಮೆ ಬಿಚ್ಚುವ ರಾಮನಗರದಲ್ಲಿ ತೊಡಕು ಬೇರೆ: ರೇಷ್ಮೆಯಲ್ಲೂ ನೈಲಾನಿನಲ್ಲೂ ಅಮೈಡ್ ಬಂಧವಿರುವುದರಿಂದ ಇನ್ಫ್ರಾರೆಡ್‌ನಲ್ಲಿ ಎರಡೂ ಒಂದೇ ಜಾತಿಯವರಂತೆ ಕಾಣುತ್ತವೆ. ಇನ್ನು ಗಾಳಿಯ ಮಾದರಿ ಹಿಡಿಯಲು ಕೆಲಸಗಾರ್ತಿಯ ಕೊರಳ ಬಳಿ ಸಿಕ್ಕಿಸಿದ ಪಂಪು ಅವಳ ಪಾಲಿಯೆಸ್ಟರ್ ಸೀರೆಯ ಎಳೆಯನ್ನೂ ಹೀರುತ್ತದೆ. ಅದನ್ನು ದೋಷವೆಂದು ಕಳೆದುಬಿಡುವುದನ್ನು ನಾನು ಒಪ್ಪಲಾರೆ; ಅವಳು ಉಸಿರಾಡುವುದೂ ಅದನ್ನೇ.

ನನ್ನ ದೊಡ್ಡ ತಕರಾರು ಎಣಿಕೆಯ ಮೇಲೆ. ಫಲಿತಾಂಶ ಬರುವುದು ಘನ ಮೀಟರಿಗೆ ಇಷ್ಟು ಕಣ ಎಂದು. 10 ಮೈಕ್ರಾನಿನ ಒಂದು ಗುಂಡುಕಣದ ಗಾತ್ರ 1 ಮೈಕ್ರಾನಿನ ಸಾವಿರ ಕಣಗಳಷ್ಟು. ಲೆಕ್ಕದ ಪುಸ್ತಕದಲ್ಲಿ ಮಾತ್ರ ಅದೂ ಒಂದೇ, ಇದೂ ಒಂದೇ. ನಿಮಿಷಕ್ಕೆ 2 ಲೀಟರ್ ಎಳೆಯುವ ಪಂಪು 8 ಗಂಟೆಯಲ್ಲಿ 960 ಲೀಟರ್ ಗಾಳಿ ಸೋಸುತ್ತದೆ, ಅಂದರೆ ಒಂದು ಘನ ಮೀಟರೂ ಇಲ್ಲ. ದುಡಿಯುವ ದೇಹ ಅಷ್ಟೇ ಹೊತ್ತಿನಲ್ಲಿ ಸುಮಾರು 10 ಘನ ಮೀಟರ್ ಉಸಿರಾಡುತ್ತದೆ. ಮೇಲಾಗಿ ಸೋಸುಹಾಳೆಯ ಒಂದು ಮೂಲೆಯನ್ನಷ್ಟೇ ನೋಡಿ ಉಳಿದದ್ದನ್ನು ಗುಣಿಸುವ ರೂಢಿಯಿದೆ. ಆಮ್ಲಜನಕವಿಲ್ಲದೆ ಕಾಯಿಸಿ ಅನಿಲವಾಗಿಸಿ ತೂಕ ಹೇಳುವ ಪೈರೊಲಿಸಿಸ್ ವಿಧಾನವನ್ನು ಜೊತೆಗಿಡದೆ ಈ ಅಂಕಿಗಳನ್ನು ಪ್ರಮಾಣವೆಂದು ಕರೆಯಬಾರದು. ಪೈರೊಲಿಸಿಸ್‌ನಲ್ಲಿ ಕಣದ ಆಕಾರ ಗಾತ್ರ ತಿಳಿಯುವುದಿಲ್ಲ, ಆದ್ದರಿಂದ ಎರಡೂ ಬೇಕು.

ಬ್ರೆಜಿಲಿನಲ್ಲಿ 2021ರಲ್ಲಿ 20 ಮೃತದೇಹಗಳ ಶ್ವಾಸಕೋಶ ಪರೀಕ್ಷಿಸಿದಾಗ 13ರಲ್ಲಿ ಪ್ಲಾಸ್ಟಿಕ್ ಕಂಡಿತು. ಅದನ್ನು ತೋರಿಸಿಕೊಟ್ಟದ್ದು ರಾಮನ್ ವಿಧಾನವೇ. ಆದರೆ ನೈಲಾನ್ ಎಳೆ ಕತ್ತರಿಸುವ ಕಾರ್ಖಾನೆಗಳ ಕೆಲಸಗಾರರ ಶ್ವಾಸಕೋಶದ ಕಾಯಿಲೆಯನ್ನು 1998ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದಾಗ ಮೈಕ್ರೊಪ್ಲಾಸ್ಟಿಕ್ ಎಂಬ ಮಾತು ಇನ್ನೂ ಅಷ್ಟಾಗಿ ಬಳಕೆಗೆ ಬಂದಿರಲಿಲ್ಲ. ಕೆಲಸಗಾರರ ಎದೆಯನ್ನು ಪರೀಕ್ಷಿಸಿ, ಅವರ ಕೆಲಸವೇನೆಂದು ಕೇಳಿ ಆ ವೈದ್ಯರು ಕಾರಣ ಹಿಡಿದರು. ಲಿಂಗದಹಳ್ಳಿಗೆ ರಾಮನ್ ಸೂಕ್ಷ್ಮದರ್ಶಕ ಬರುವುದಾದರೆ ಉಸಿರಿನ ಸಾಮರ್ಥ್ಯ ಅಳೆಯುವ ಸ್ಪೈರೊಮೀಟರೂ ಅದರ ಜೊತೆಯಲ್ಲೇ ಬರಲಿ.